ಉತ್ತರಕ್ಕೆ ತಿರುಗಿದ ವಾಲ್ವು

ಗುರುಸಿದ್ದಯ್ಯನವರು ನಿವೃತ್ತಿಯಾದ ಮೇಲೆ ಇಸ್ಪೀಟಾಡಿಕೊಂಡು ಇದ್ದಿದ್ದರೆ ಗೋಪನಕೊಪ್ಪದ ಆ ಓಣಿಗೆ ಇಷ್ಟು ಕಷ್ಟ ಬರುತ್ತಿರಲಿಲ್ಲ. ಹತ್ತಿ ಅಡತಿ ಅಂಗಡಿಯಲ್ಲಿ ಜೀವಮಾನವಿಡೀ ದಿವಾನಜಿಯಾಗಿದ್ದವರು ಅವರು. ಸಾವಕಾರರು ಹೇಳಿದ್ದನ್ನು ಬರೆಯುವುದು, ಬರೆದದ್ದನ್ನು ಸಾವಕಾರರಿಗೇ ಓದಿ ಹೇಳುವುದು, ಬೈದರೆ ಬೈಸಿಕೊಳ್ಳುವುದು. ಅಲ್ಲಿ ಅವರ ಸ್ವಂತ ಮಾತನ್ನು ಕೇಳುವ ಒಂದು ನರಪಿಳ್ಳೆಯೂ ಇರಲಿಲ್ಲ. ಆ ಕೊರತೆಯನ್ನು ಓಣಿಯವರ ಮೇಲೆ ತೀರಿಸಿಕೊಳ್ಳಲು ಅವರು ವಾಸ್ತುಶಾಸ್ತ್ರವನ್ನು ಕೈಗೆತ್ತಿಕೊಂಡರು. ಬೆಳಿಗ್ಗೆ ಟಿವಿ ನೋಡಿ ಕಲಿತದ್ದನ್ನು ಮಧ್ಯಾಹ್ನದ ಊಟದೊಳಗೆ ಮಂದಿಗೆ ಕಲಿಸಿ ಮುಗಿಸುತ್ತಿದ್ದರು.

ಓಣಿಯವರೂ ಕಲಿಯುವ ಉತ್ಸಾಹ ಇದ್ದವರೇ. ಪಕ್ಕದ ಮನೆಯ ಸುಮಲತಾ ಇವರ ಮಾತು ಕೇಳಿ ಗ್ಯಾಸಿನ ಒಲೆಯನ್ನು ಆಗ್ನೇಯಕ್ಕೆ ಸರಿಸಿದಳು; ಅಂದಿನಿಂದ ಅವಳ ಫ್ರಿಜ್ಜಿನ ಬಾಗಿಲು ಅರ್ಧ ಮಾತ್ರ ತೆರೆಯುತ್ತದೆ, ಸಾರಿನ ಪಾತ್ರೆ ಒಳಗೆ ಹೋಗುವುದಿಲ್ಲ. ಬ್ಯಾಂಕಿನ ಕೇದಾರ ಮುಂಬಾಗಿಲನ್ನು ಗೋಡೆ ಕಟ್ಟಿಸಿ ಮುಚ್ಚಿ, ಬಚ್ಚಲು ದಾಟಿಕೊಂಡು ಮನೆಯೊಳಗೆ ಹೋಗುತ್ತಾನೆ. ಬಂದ ಅತಿಥಿಗಳನ್ನೂ ಹಾಗೆಯೇ ಕರೆದೊಯ್ಯುತ್ತಾನೆ. ಸಾಲಿನ ಕೊನೆಯ ಮನೆಯ ಮೈಲಾರಪ್ಪ ಒಬ್ಬನೇ ಯಾವ ಮಾತಿಗೂ ಬಗ್ಗದವನು. ಹಿಟ್ಟಿನ ಗಿರಣಿ ನಡೆಸುವವನು, ಸದಾ ಹುಬ್ಬಿನ ಮೇಲೆ ಜೋಳದ ಹಿಟ್ಟು. ಅವನ ಮನೆಯ ಈಶಾನ್ಯ ಮೂಲೆಯಲ್ಲಿ ಸಂಡಾಸವಿತ್ತು. ದೇವಮೂಲೆಯಲ್ಲಿ ಸಂಡಾಸ ಇಟ್ಟುಕೊಂಡೂ ಅವನ ಗಿರಣಿ ಚೆನ್ನಾಗಿ ನಡೆಯುತ್ತಿದ್ದುದನ್ನು ಗುರುಸಿದ್ದಯ್ಯನವರು ಎಂದೂ ಕ್ಷಮಿಸಲಿಲ್ಲ.

ಓಣಿಯಲ್ಲಿ ಮನೆಗಳೆಲ್ಲ ಒಂದೇ ಸಾಲು, ಎಲ್ಲವೂ ಉತ್ತರದ ರಸ್ತೆಗೆ ಮುಖ ಮಾಡಿದವು. ರಸ್ತೆಯ ಆಚೆಗೆ ಯಾರದೋ ಗೋದಾಮಿನ ಉದ್ದನೆಯ ಗೋಡೆ. ನೀರು ಬರುವುದು ವಾರಕ್ಕೊಮ್ಮೆ, ಶನಿವಾರದ ಪಾಳಿ. ಅಂದು ನೀರು ಬಿಡುವ ಬೀರಪ್ಪ ಉದ್ದನೆಯ ಕಬ್ಬಿಣದ ಚಾವಿಯನ್ನು ಹೆಗಲ ಮೇಲಿಟ್ಟುಕೊಂಡು ಓಣಿಯ ತುದಿಗೆ ಬಂದರೆ, ಸ್ವಂತ ಅತ್ತೆ ಮಾವ ಬಂದಾಗಲೂ ಏಳದ ಸೊಸೆಯರು ಎದ್ದು ಚಹಾಕ್ಕೆ ಇಡುತ್ತಿದ್ದರು. ಅವನು ರಸ್ತೆಯ ವಾಲ್ವು ತಿರುವಿದರೆ ನೀರು, ಮುಚ್ಚಿದರೆ ಮುಂದಿನ ಶನಿವಾರದವರೆಗೆ ದೇವರೇ ಗತಿ.

ಇಂಥದರಲ್ಲಿ ಗುರುಸಿದ್ದಯ್ಯನವರ ಮನೆಯಲ್ಲಿ ಮಗಳ ಸೀಮಂತದ ಕುಬಸ ಬಂತು. ಸೌಂದರ್ಯಾಗೆ ಏಳು ತಿಂಗಳು ತುಂಬಿತ್ತು. ಭಾನುವಾರ ಗರಗದಿಂದ ಬೀಗರು ಬರುವವರಿದ್ದರು. ಬೀಗತಿ ರೇಣವ್ವ ಎಂದರೆ ಗುರುಸಿದ್ದಯ್ಯನವರಿಗೆ ಒಳಗೊಳಗೇ ನಡುಕ. ಮದುವೆಯಲ್ಲಿ ಹೋಳಿಗೆಗೆ ತುಪ್ಪ ಕಡಿಮೆಯಾಯಿತೆಂದು ಆಕೆ ಆಡಿದ ಮಾತು ಇನ್ನೂ ಎರಡು ಊರುಗಳ ನಡುವೆ ಓಡಾಡಿಕೊಂಡಿತ್ತು. ಈ ಸಲ ಯಾವುದರಲ್ಲೂ ಕೊರತೆಯಾಗಬಾರದು, ಮಗಳು ಅತ್ತೆಯ ಮುಂದೆ ತಲೆ ತಗ್ಗಿಸಬಾರದು ಎಂದು ತಂದೆ ನಿಶ್ಚಯಿಸಿದ್ದರು.

ಅದಕ್ಕೇ ಅವರು ಜಂಗು ತಿಂದು ತೊಟ್ಟಿಕ್ಕುತ್ತಿದ್ದ ತಮ್ಮ ಅಂಗಳದ ಹಳೆಯ ವಾಲ್ವನ್ನು ತೆಗೆಸಿ ಹೊಸದನ್ನು ಹಾಕಿಸಲು ಪ್ಲಂಬರ್ ರಿಯಾಜನನ್ನು ಕರೆಸಿದರು. ಇದು ಒಂದೇ ಕಡೆ ನೀರು ಬಿಡುವ ಹಿತ್ತಾಳೆಯ ವಾಲ್ವು. ರಸ್ತೆಯ ಪೈಪಿನ ನೀರನ್ನು ಮನೆಯೊಳಗೆ ಬಿಡುವುದು, ಒಳಗೆ ಬಂದದ್ದನ್ನು ಮತ್ತೆ ರಸ್ತೆಗೆ ಹೋಗಗೊಡದಿರುವುದು, ಇಷ್ಟೇ ಅದರ ಕೆಲಸ. ಮಾಳಿಗೆಯ ಮೇಲಿನ ಟಾಕಿ, ಬೋರಿನ ಪೈಪು, ಅಂಗಳದ ನಲ್ಲಿ ಎಲ್ಲವೂ ಅದರ ಒಳಬದಿಯಲ್ಲಿ ಒಂದಕ್ಕೊಂದು ಕೂಡಿಕೊಂಡಿದ್ದವು. ನೀರು ಯಾವ ಕಡೆ ಹೋಗಬೇಕೆಂದು ತೋರಿಸಲು ವಾಲ್ವಿನ ಮೈಮೇಲೆ ಒಂದು ಬಾಣ ಇರುತ್ತದೆ. ರಿಯಾಜ ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ಅತ್ತ ಯಾರೊಂದಿಗೋ ಜಗಳವಾಡುತ್ತ, ಇತ್ತ ವಾಲ್ವನ್ನು ಸರಿಯಾಗಿಯೇ ಕೂಡಿಸಿ ಹೋದ.

ಅವನು ಹೋದ ಮೇಲೆ ಗುರುಸಿದ್ದಯ್ಯನವರು ಫೋನಿನಲ್ಲಿ ದಿಕ್ಸೂಚಿ ತೆಗೆದು ವಾಲ್ವಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಬಹಳ ಹೊತ್ತು ಏಳಲಿಲ್ಲ. ಹೆಂಡತಿ ಕಾಳವ್ವ ಹೊರಗೆ ಬಂದಳು.

"ಏನ್ ನೋಡಾಕತ್ತೀರಿ? ಪೈಪಿನ್ಯಾಗ ಹಾವು ಹೊಕ್ಕೇತೇನು?"

"ಹಾವು ಹೊಕ್ಕಿದ್ರ ಓಡಸಬಹುದಿತ್ತು. ಯಮ ಹೊಕ್ಕಾನ."

"ಯಾರು?"

"ಬಾಣ ನೋಡು. ನೆಟ್ಟಗ ದಕ್ಷಿಣಕ್ಕ! ಗಂಗವ್ವ ನಮ್ಮ ಮನ್ಯಾಗ ಕಾಲಿಟ್ಟಾಕಿನ ಯಮನ ದಿಕ್ಕಿಗೆ ಹೊಂಟಾಳ. ಬಸುರಿ ಮಗಳು ಬರೂದೈತಿ, ಕುಬಸ ಐತಿ, ಇದನ್ನ ಹಿಂಗ ಬಿಡಾಕ ಆಗ್ತೇತೇನು?"

"ರಸ್ತಾ ಉತ್ತರಕ್ಕ ಐತಿ, ಮನಿ ದಕ್ಷಿಣಕ್ಕ ಐತಿ. ನೀರು ಮನಿಗೆ ಬರಬೇಕಂದ್ರ ಮತ್ತ ಯಾವ ಕಡೆ ಬರಬೇಕ್ರಿ?"

ಈ ಪ್ರಶ್ನೆಗೆ ಅವರು ಒಂದು ಗಳಿಗೆ ಕಿವಿಗೊಟ್ಟಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹೆಂಡತಿ ಕೇಳಿದ ಪ್ರಶ್ನೆಗೆ ಉತ್ತರ ಇರಬಹುದು ಎಂಬ ಸಂಶಯ ಅವರಿಗೆ ಮದುವೆಯಾದಂದಿನಿಂದ ಬಂದಿರಲಿಲ್ಲ.

"ಶಾಸ್ತ್ರದಾಗ ಇಂಥಾ ಅಡಿಗಿಮನಿ ಲೆಕ್ಕ ನಡ್ಯಾಂಗಿಲ್ಲ. ಒಳಗಿಂದ ಪಾನಾ ತೊಗೊಂಬಾ," ಎಂದರು.

ನಟ್ಟು ತಿರುವುವ ಪಾನಾ ಬಂತು. ಬಕೆಟ್ಟು ಬಂತು. ಪೈಪಿನಲ್ಲಿ ಉಳಿದ ನೀರೆಲ್ಲ ಅವರ ಮುಖಕ್ಕೂ ಹೊಸ ಬನಿಯನ್ನಿಗೂ ಚಿಮ್ಮಿ ಮುಗಿದ ಮೇಲೆ ವಾಲ್ವು ಹಿಂದುಮುಂದಾಗಿ ಕೂತಿತು. ಬಾಣ ಈಗ ಉತ್ತರಕ್ಕೆ, ಕುಬೇರನ ಕಡೆಗೆ. ಗುರುಸಿದ್ದಯ್ಯನವರು ಅದಕ್ಕೆ ವಿಭೂತಿ ಹಚ್ಚಿ ಕೈಮುಗಿದು, ಕಾಳವ್ವನಿಗೆ ಬೋರು ಚಾಲು ಮಾಡಿ ಟಾಕಿ ತುಂಬಿಸಲು ಹೇಳಿದರು.

ಮರುದಿನ ಬೆಳಿಗ್ಗೆ ಸುಮಲತಾ ಕೂಗಿದ ಕೂಗಿಗೆ ಓಣಿಯೆಲ್ಲ ಬೀದಿಗೆ ಬಂತು.

"ನೀರು ಬಂದಾವ್ರಿ! ಪಾಳಿ ಇಲ್ಲದ ನೀರು ಬಂದಾವ್ರಿ!"

ಬಂದದ್ದು ನಿಜ. ಗುರುಸಿದ್ದಯ್ಯನವರ ಟಾಕಿ ಓಣಿಯಲ್ಲೇ ಎಲ್ಲಕ್ಕಿಂತ ಎತ್ತರದ್ದು. ಅದರ ನೀರು ಉತ್ತರದ ಬಾಣ ತೋರಿಸಿದ ದಾರಿಯಲ್ಲೇ ವಿಧೇಯವಾಗಿ ಹೊರಗೆ ಇಳಿದು, ರಸ್ತೆಯ ಪೈಪು ಸೇರಿ, ಎಲ್ಲರ ಅಂಗಳದ ನಲ್ಲಿಗಳಲ್ಲಿ ಬೀಳುತ್ತಿತ್ತು. ಇದು ಯಾರಿಗೂ ಹೊಳೆಯಲಿಲ್ಲ. ಹೊಳೆಯಲು ಪುರಸೊತ್ತಾದರೂ ಎಲ್ಲಿತ್ತು? ಕೊಡ ತುಂಬಿದವು, ಹಂಡೆ ತುಂಬಿದವು, ಕುಕ್ಕರು ತುಂಬಿದವು. ಕೇದಾರನ ತಾಯಿ ದೇವರ ಮುಂದಿನ ಪಂಚಪಾತ್ರೆಯನ್ನೂ ಬಿಡಲಿಲ್ಲ.

ಬೀರಪ್ಪನನ್ನು ಕರೆಸಿದರು. ಅವನು ರಸ್ತೆಯ ವಾಲ್ವನ್ನು ಮುಟ್ಟಿ ನೋಡಿದ, ಚಾವಿ ಹಾಕಿ ಬಿಗಿದು ನೋಡಿದ. ಅದು ಮುಚ್ಚಿಯೇ ಇತ್ತು. ಅವನ ಮುಖ ಸಣ್ಣದಾಯಿತು.

"ನಾ ಬಿಟ್ಟಿಲ್ರಿ. ನಾ ಬಿಡದ ನೀರು ಅದು ಹೆಂಗ ಬರ್ತೇತಿ? ಹಿಂಗ ಬರೂದಾದ್ರ ನಾ ಯಾಕ ಬೇಕು?"

ಆಗ ಗುರುಸಿದ್ದಯ್ಯನವರು ಶಲ್ಯ ಸರಿಮಾಡಿಕೊಂಡು ಮುಂದೆ ಬಂದರು. "ನಿನ್ನೆ ನಮ್ಮ ಮನ್ಯಾಗ ಬಾಣ ಉತ್ತರಕ್ಕ ತಿರುವೇನಿ," ಎಂದಷ್ಟೇ ಹೇಳಿ ಆಕಾಶ ನೋಡಿದರು.

ಓಣಿಯವರು ಕೈಮುಗಿದರು. ಮೈಲಾರಪ್ಪ ಮಾತ್ರ ಬೊಗಸೆಯಲ್ಲಿ ನೀರು ಹಿಡಿದು ಕುಡಿದು ಮುಖ ಕಿವುಚಿದ. "ಅಯ್ನೋರ, ಇದು ಥೇಟ್ ನಿಮ್ಮ ಬೋರಿನ ನೀರಿನ ರುಚಿ ಐತಲ್ರಿ. ಸವಳ."

"ಹಿಟ್ಟು ತಿಂದ ನಾಲಿಗಿಗೆ ತೀರ್ಥದ ರುಚಿ ತಿಳಿಯಂಗಿಲ್ಲೋ ಮೈಲಾರಪ್ಪ."

"ಖರೇರಿ," ಎಂದಳು ಸುಮಲತಾ ಕಣ್ಣು ಮುಚ್ಚಿ ಗುಟುಕರಿಸುತ್ತ. "ಒಂಥರಾ ಬಾಯಾಗ ಶಕ್ತಿ ಹತ್ತಿದಂಗ ಆಗ್ತೇತಿ."

ನ್ಯಾಯವಾಗಿ ಹೇಳಬೇಕೆಂದರೆ, ಗುರುಸಿದ್ದಯ್ಯನವರ ವಾಸ್ತು ಜೀವನದಲ್ಲಿ ಮೊದಲ ಸಲ ನಿಜವಾಗಿ ಕೆಲಸ ಮಾಡಿತ್ತು. ಬಾಣ ತಿರುವಿದರು, ನೀರು ಬಂತು. ಇಷ್ಟು ಚೊಕ್ಕ ಫಲ ಟಿವಿಯಲ್ಲಿ ಹೇಳುವವರಿಗೂ ಸಿಕ್ಕಿರಲಿಕ್ಕಿಲ್ಲ. ಹಣ್ಣುಕಾಯಿ ಬಂದವು, ಹಾರ ಬಂತು. ಓಣಿಯ ಹಿರಿಯರೊಬ್ಬರು ಅವರ ಕಾಲಿಗೇ ಬೀಳಲು ಹೋಗಿ, ಬಗ್ಗಿದ ಸೊಂಟ ಏಳದೆ ಇಬ್ಬರು ಎತ್ತಬೇಕಾಯಿತು. ಈ ಅಮಲಿನಲ್ಲಿಯೇ ಅವರು ಗರಗಕ್ಕೆ ಫೋನು ಹಚ್ಚಿದರು.

"ಬೀಗತ್ಯಾರ, ನೀರಿನ ಚಿಂತಿ ಬಿಟ್ಟು ಬರ್ರಿ. ನಮ್ಮ ಓಣ್ಯಾಗ ಈಗ ನೀರು ಇಪ್ಪತ್ನಾಕು ತಾಸು."

"ಹೌದೇನ್ರಿ? ನಿಲ್ಲೂದ ಇಲ್ಲೇನ್ರಿ?" ರೇಣವ್ವನ ದನಿಯಲ್ಲಿ ಅಪರೂಪದ ಗೌರವ ಇತ್ತು.

"ಬ್ಯಾಡ ಅಂದ್ರೂ ನಿಲ್ಲವಲ್ದು ನೋಡ್ರಿ. ಎಲ್ಲಾ ಆ ಬಾಣದ ದಯಾ."

ಇತ್ತ ಮನೆಯೊಳಗೆ ಕಾಳವ್ವನ ಪಾಡು ಬೇರೆಯೇ ಇತ್ತು. ಟಾಕಿ ತುಂಬುತ್ತಿರಲಿಲ್ಲ. ಬೋರು ಚಾಲು ಮಾಡಿದರೆ ಮಾಡಿದಷ್ಟು ಹೊತ್ತು ಓಡುತ್ತಿತ್ತು, ನಿಲ್ಲಿಸಿ ಒಂದು ಡಬರಿ ತಿಕ್ಕುವಷ್ಟರಲ್ಲಿ ಟಾಕಿ ಟಣ್ ಎನ್ನುತ್ತಿತ್ತು. ಗಂಡನಿಗೆ ಹೇಳಿದರೆ ಅವರು ಮಾಳಿಗೆ ಹತ್ತಿ ಟಾಕಿಯ ಸುತ್ತ ಮೂರು ಪ್ರದಕ್ಷಿಣೆ ಹಾಕಿ, ಮಂದಿಯ ದೃಷ್ಟಿ ತಾಗಿದೆಯೆಂದು ತೀರ್ಮಾನಿಸಿ, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ ಇಳಿದುಬಂದರು. ಬೋರಿನ ಮೋಟರು ಎಷ್ಟೆಂದು ಓಡೀತು? ಗುರುವಾರ ಮಧ್ಯಾಹ್ನ ಗುರ್ ಎಂದು ಸುಟ್ಟ ವಾಸನೆ ಬಿಟ್ಟು ಸುಮ್ಮನಾಯಿತು.

"ಓಣಿ ಮಂದಿಗೆಲ್ಲಾ ನೀರು, ನಮ್ಮ ಮನ್ಯಾಗ ಹನಿ ಇಲ್ಲ. ಇದೇನ್ ವಾಸ್ತುರಿ?" ಎಂದಳು ಕಾಳವ್ವ.

"ಹೊರಗ ಬಾಯಿ ಬಿಡಬ್ಯಾಡ. ಮರ್ಯಾದಿ ಪ್ರಶ್ನೆ ಐತಿ."

ಕಾಳವ್ವ ಸುಮಲತಾಳ ಹಂಡೆಯಲ್ಲಿ ಶೇಖರವಾಗಿದ್ದ ನೀರನ್ನು ಕೊಡದಲ್ಲಿ ತುಂಬಿಕೊಂಡು ಬಂದಳು. ತನ್ನದೇ ಬೋರಿನ, ತನ್ನದೇ ಮೋಟರು ಎತ್ತಿದ ನೀರನ್ನು ಪಕ್ಕದ ಮನೆಯಿಂದ ಹೊತ್ತು ತಂದು, "ಭಾಳ ಉಪಕಾರ ಆತ್ರಿ" ಎಂದು ಹೇಳಿ ಬರುವ ಯೋಗ ಆ ಓಣಿಯಲ್ಲಿ ಅವಳೊಬ್ಬಳಿಗೇ ಬಂದದ್ದು.

ಮೋಟರು ಸತ್ತ ಮೇಲೆ ಮಂದಿಯ ನಲ್ಲಿಗಳೂ ನಿಂತುಹೋದವು. ಸಂಜೆಗೆ ಓಣಿಯ ಪಂಚರೆಲ್ಲ ಗುರುಸಿದ್ದಯ್ಯನವರ ಕಟ್ಟೆಯ ಮೇಲೆ ಕೂತರು. ಬಾಣದ ಶಕ್ತಿ ಇಷ್ಟು ಬೇಗ ಇಳಿದದ್ದೇಕೆ ಎಂಬುದು ಪ್ರಶ್ನೆ. ಅವರು ಕಣ್ಣು ಮುಚ್ಚಿ ಯೋಚಿಸಿ ಹೇಳಿದರು:

"ಇಡೀ ಓಣಿ ನೀರನ್ನ ನಮ್ಮದೊಂದ ಬಾಣ ಎಷ್ಟಂತ ಎಳದೀತು? ಅದೂ ದಣೀತೇತಿ. ಎಲ್ಲಾರೂ ತಿರುವ್ರಿ. ಆಮ್ಯಾಲೆ ನೋಡ್ರಿ."

ಶುಕ್ರವಾರ ರಿಯಾಜನಿಗೆ ಊಟ ಮಾಡಲೂ ಬಿಡುವಾಗಲಿಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಪಾನಾ ಹಿಡಿದು ಹೋಗುತ್ತ ವಾಲ್ವುಗಳನ್ನೆಲ್ಲ ಹೊರಮುಖ ಮಾಡಿದ. ಕೇದಾರ ಬ್ಯಾಂಕಿನವನಲ್ಲವೇ, ಒಂದು ಮಾತು ಕೇಳಿದ: "ನೀರು ಬರ್ತಾವಲ್ಲ ರಿಯಾಜಣ್ಣ?"

"ಅಯ್ನೋರ ಹೇಳ್ಯಾರಂದ್ರ ಬರಬೇಕಲ್ರಿ. ಬರಲಿಲ್ಲ ಅಂದ್ರ ಫೋನ್ ಹಚ್ರಿ, ಬಂದು ಹೊಳ್ಳಿ ತಿರುವ್ತೇನಿ." ರಿಯಾಜನ ಶಾಸ್ತ್ರದಲ್ಲಿ ಎರಡೂ ದಿಕ್ಕು ಶುಭವೇ.

ಮೈಲಾರಪ್ಪನ ಗೇಟಿನ ಮುಂದೆ ಎಲ್ಲರೂ ನಿಂತು ಹೇಳಿ ನೋಡಿದರು. "ನನ್ನ ವಾಲ್ವು ಹೆಂಗೈತೋ ಹಂಗ ಇರ್ಲಿರಿ," ಎಂದು ಅವನು ಎಮ್ಮೆಯ ಮೈ ತೊಳೆಯಲು ಹೋದ. ನಲ್ಲಿ ತಿರುವಿದರೆ ನೀರು ರಭಸದಿಂದ ಬಂತು. ಓಣಿಯವರ ಟಾಕಿಗಳಲ್ಲಿ ಇದ್ದಬದ್ದದ್ದೆಲ್ಲ ಅವನ ಎಮ್ಮೆಯ ಮೇಲೂ, ಎಮ್ಮೆ ಮುಗಿದ ಮೇಲೆ ಅವನ ಸಂಪಿಗೂ ಇಳಿಯಿತು. ಬಂದ ನೀರನ್ನು ಯಾಕೆ ಬಂದೆ ಎಂದು ಕೇಳುವ ಅಭ್ಯಾಸ ಅವನಿಗೂ ಇರಲಿಲ್ಲ.

ಶನಿವಾರ ಬೀರಪ್ಪ ಬಂದಾಗ ಕುಂಕುಮದ ತಟ್ಟೆ ಹಿಡಿದು ಹೆಂಗಸರು ಕಾದಿದ್ದರು. ಅವನ ಚಾವಿಗೂ ಕುಂಕುಮ ಬಿತ್ತು. ವಾಲ್ವು ತಿರುವಿದ. ಎಲ್ಲರೂ ಒಳಗೆ ಓಡಿ ನಲ್ಲಿ ತೆರೆದರು. ನಲ್ಲಿಗಳು ಒಮ್ಮೆ ಕೆಮ್ಮಿ ಸುಮ್ಮನಾದವು. ಒಂದು ಹನಿಯಷ್ಟೂ ನೀರು ಬರಲಿಲ್ಲ.

"ಬೀರಪ್ಪಾ, ಪೂರಾ ಬಿಡೋ!"

"ಪೂರಾ ಬಿಟ್ಟೇನ್ರಿ! ಕೆಳಗಿನ ಓಣ್ಯಾಗ ನಲ್ಲಿ ಹಾರಾಕತ್ತಾವು. ಮಂದಿ ಹಾಸಿಗಿ ಒಗ್ಯಾಕತ್ತಾರ. ನಿಮಗ್ಯಾಕ ಬರವಲ್ದು ನನಗೇನ್ ಗೊತ್ರಿ?"

ಆಗ ಯಾರೋ ಕಿವಿಗೊಟ್ಟು ಕೇಳಿದರು. ಸಾಲಿನ ಕೊನೆಯಲ್ಲಿ ಧೋ ಎಂದು ನೀರು ಬೀಳುವ ಸದ್ದು. ಇಡೀ ಓಣಿ ಅತ್ತ ನುಗ್ಗಿತು. ಮೈಲಾರಪ್ಪನ ಸಂಪು ತುಂಬಿ ಅಂಗಳಕ್ಕೆ ಹರಿಯುತ್ತಿತ್ತು. ಎಲ್ಲರ ಬಾಣವೂ ಉತ್ತರಕ್ಕೆ, ಎಲ್ಲರ ನಲ್ಲಿಯೂ ಒಣ. ಒಬ್ಬನ ಬಾಣ ದಕ್ಷಿಣಕ್ಕೆ, ಅವನಿಗೆ ಮಾತ್ರ ನೀರು. ಇದರಿಂದ ಏನು ತಿಳಿಯುತ್ತದೆ ಎಂಬುದು ಓಣಿಯವರಿಗೆ ತಕ್ಷಣ ತಿಳಿಯಿತು.

"ಕಳ್ಳ!" ಎಂದಳು ಸುಮಲತಾ. "ನಮ್ಮ ನೀರೆಲ್ಲಾ ಎಳಕೊಂಡಾನ!"

"ನಾ ಏನ್ ಮಾಡೇನ್ರಿ? ನಾ ಏನೂ ಮಾಡಿಲ್ಲ!"

"ಅದನ್ನ ಕೇಳಾಕತ್ತೇವಿ," ಎಂದ ಕೇದಾರ. "ಎಲ್ಲಾರೂ ಮಾಡಿದಾಗ ನೀ ಒಬ್ಬಾಂವ ಯಾಕ ಮಾಡಲಿಲ್ಲ? ಹಿಂದ ಏನೋ ಮಸಲತ್ತು ಐತಿ."

ಗುರುಸಿದ್ದಯ್ಯನವರೂ ಗುಂಪಿನಲ್ಲಿದ್ದರು. ಅವರು ಈಶಾನ್ಯದ ಸಂಡಾಸದ ಕಡೆಗೆ ಅರ್ಥಪೂರ್ಣವಾಗಿ ಒಮ್ಮೆ ನೋಡಿದರು. ಅದು ಸಾಕಾಯಿತು. ಮಂದಿ ಬೈದ ಬೈಗುಳಕ್ಕೆ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ಮೈಲಾರಪ್ಪ ಗೇಟಿಗೆ ಬೀಗ ಜಡಿದು, ಇನ್ನು ಈ ಓಣಿಯ ಯಾರ ಮುಖವನ್ನೂ ನೋಡುವುದಿಲ್ಲ ಎಂದು ಒಳಗೆ ಹೋದ.

ಭಾನುವಾರದ ಬೆಳಗಾಯಿತು. ಮದುವೆಯ ಸುಗ್ಗಿಯಾದ್ದರಿಂದ ಟ್ಯಾಂಕರಿನವರು ಫೋನೇ ಎತ್ತಲಿಲ್ಲ. ಅಡಿಗೆಯವರು ಅಕ್ಕಿ ತೊಳೆಯಲು ನೀರು ಕೇಳಿದರು, ಕಾಳವ್ವ ಗಂಡನ ಮುಖ ನೋಡಿದಳು. ಆಮೇಲೆ ಅವರ ಕೈ ಹಿಡಿದು ವಾಲ್ವಿನ ಮುಂದೆ ತಂದು ನಿಲ್ಲಿಸಿದಳು.

"ಬಾಣ ಎಲ್ಲಿ ತೋರಸಾಕತ್ತೇತಿ ಬಾಯಿಬಿಟ್ಟು ಹೇಳ್ರಿ."

"ಉತ್ತರಕ್ಕ."

"ಉತ್ತರಕ್ಕ ಏನೈತಿ?"

"ರಸ್ತಾ."

"ಹಂಗಾರ ಟಾಕ್ಯಾಗಿನ ನೀರು ಎಲ್ಲಿ ಹೋತು?"

ಗುರುಸಿದ್ದಯ್ಯನವರು ಪೈಪಿನ ಗುಂಟ ರಸ್ತೆಯ ಕಡೆಗೆ ನೋಡಿದರು. ಪಾಳಿಯಿಲ್ಲದ ನೀರು, ಸವಳು ರುಚಿ, ಸುಟ್ಟ ಮೋಟರು ಎಲ್ಲ ಒಂದರ ಹಿಂದೊಂದು ಬಂದು ಅವರ ಎದುರಿಗೆ ನಿಂತವು. ಈಗ ಬಾಣ ತಿರುವಿದರೂ ಮುಂದಿನ ಪಾಳಿ ಬರುವುದು ಮುಂದಿನ ಶನಿವಾರ. ಅವರಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಬಾಯಿ ಬಿಟ್ಟದ್ದು ಭೂಮಿಯಲ್ಲ, ಗೇಟಿನ ಹೊರಗೆ ಬಂದು ನಿಂತ ಗರಗದ ಗಾಡಿಯ ಹಾರ್ನು.

ಬೀಗರು ಇಳಿದರು. ಇಳಿದವರ ತಲೆಗಳೆಲ್ಲ ಎಣ್ಣೆ ಹಚ್ಚಿದ ಹಾಗೆಯೇ ಇದ್ದವು. ಯಾರೂ ಜಳಕ ಮಾಡಿರಲಿಲ್ಲ. ಗಾಡಿಯ ಹಿಂಬದಿಯಿಂದ ದೊಡ್ಡ ದೊಡ್ಡ ಗಂಟುಗಳು ಇಳಿದವು.

"ಇವೇನ್ರಿ?" ಎಂದರು ಗುರುಸಿದ್ದಯ್ಯನವರು, ಕುಬಸದ ಉಡುಗೊರೆ ಇರಬೇಕೆಂದು.

"ಕೌದಿರಿ," ಎಂದಳು ರೇಣವ್ವ ಸಂತೋಷದಿಂದ. "ಊರಾಗ ಕೌದಿ ಒಗ್ಯಾಕ ನೀರ ಸಾಲೂದಿಲ್ಲ. ನಿಮ್ಮಲ್ಲೆ ಇಪ್ಪತ್ನಾಕು ತಾಸು ಅಂದ್ರೆಲ್ಲಾ, ಎಲ್ಲಾರ ಮನೀವೂ ತಂದ ಬಿಟ್ಟೇವಿ. ಜಳಕಾನೂ ಇಲ್ಲೇ ಅಂತ ಬಂದೇವಿ. ಕಾಲಿಗೆ ನೀರು ಕೊಡ್ರಿ ಮೊದಲ."

ಬಂದವರ ಕಾಲಿಗೆ ಒಂದು ತಂಬಿಗೆ ನೀರು ಕೊಡದ ಮನೆಯನ್ನು ಆ ಸೀಮೆಯಲ್ಲಿ ಮನೆಯೆಂದು ಕರೆಯುವುದಿಲ್ಲ. ರೇಣವ್ವ ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೆ ನಿಂತಳು. ಅವಳ ಹಿಂದೆ ಇಡೀ ಗಾಡಿ ಚಪ್ಪಲಿ ಬಿಟ್ಟು ನಿಂತಿತು. ಗುರುಸಿದ್ದಯ್ಯನವರು ಆಕಾಶ ನೋಡಿದರು. ಆಕಾಶದಲ್ಲಿ ಉತ್ತರ ಇರಲಿಲ್ಲ. ಆಗ ಹಸಿರು ಸೀರೆ ಉಟ್ಟು, ಕೈತುಂಬ ಬಳೆ ತೊಟ್ಟು, ಹಿಂದಿನ ದಿನವೇ ತವರಿಗೆ ಬಂದಿದ್ದ ಸೌಂದರ್ಯಾ ಗೋಡೆ ಹಿಡಿದುಕೊಂಡು ಮೆಲ್ಲಗೆ ಹೊರಗೆ ಬಂದಳು.

"ಅಪ್ಪಾ, ಬಾಯಿ ಆರಾಕತ್ತೇತಿ. ಕುಡ್ಯಾಕರ ಒಂದೀಟು ನೀರು ಐತೇನು?"

ಶಾಸ್ತ್ರ, ಮರ್ಯಾದೆ, ಶಲ್ಯ ಎಲ್ಲ ಅಲ್ಲೇ ಬಿಟ್ಟು ಗುರುಸಿದ್ದಯ್ಯನವರು ಬರಿಗಾಲಲ್ಲಿ ಮೈಲಾರಪ್ಪನ ಗೇಟಿಗೆ ಓಡಿದರು. ಏನೋ ಆಗುತ್ತಿದೆಯೆಂದು ಓಣಿಯೂ ಹಿಂದೆ ಓಡಿತು. ಬರಿಗಾಲಿನ ಬೀಗರೂ ಓಡಿದರು.

"ಮೈಲಾರಪ್ಪಾ, ಮಗಳ ಕುಬಸ ಐತೋ. ಹತ್ತು ಕೊಡ ನೀರು ಕೊಡೋ."

ಮೈಲಾರಪ್ಪ ಗೇಟಿನ ಒಳಗೆ ಕೈಕಟ್ಟಿ ನಿಂತ. "ನಾ ಕಳ್ಳ ಅಲ್ಲೇನ್ರಿ ಅಯ್ನೋರ? ಕಳ್ಳನ ನೀರು ಕುಬಸಕ್ಕ ಹೆಂಗ ನಡೀತೇತಿ? ಇಷ್ಟೂ ಮಂದಿ ಮುಂದ ಖರೇ ಏನಂತ ಹೇಳ್ರಿ. ಸಂಪ್ ಪೂರಾ ನಿಮ್ಮದು."

ಗುರುಸಿದ್ದಯ್ಯನವರು ತಿರುಗಿ ನಿಂತರು. ಜೀವನದಲ್ಲಿ ಮೊದಲ ಸಲ ಇಡೀ ಓಣಿ ಅವರ ಮಾತಿಗಾಗಿ ಬಾಯಿಬಿಟ್ಟು ಕಾದಿತ್ತು. ಎಂಥ ಮಾತು ಹೇಳಬೇಕಾಗಿ ಬಂತಲ್ಲ ಎಂದು ಅವರ ಕಣ್ಣಲ್ಲಿ ನೀರು ಬಂತು. ಅವರ ಮನೆಯಲ್ಲಿ ಅಂದು ಬಂದ ನೀರು ಅಷ್ಟೇ.

"ತಪ್ಪು ನಂದು," ಎಂದರು. "ಬಾಣ ತಿರುವಿದ್ದು ನನ್ನ ಹುಚ್ಚುತನ. ನಿಮ್ಮ ನಲ್ಲ್ಯಾಗ ಬಂದದ್ದು ತೀರ್ಥ ಅಲ್ಲ, ನನ್ನ ಟಾಕ್ಯಾಗಿನ ಬೋರಿನ ನೀರು. ನನ್ನ ಮಾತು ಕೇಳಿ ನೀವೂ ತಿರುವಿದ್ರಿ, ನಿಮ್ಮ ಟಾಕೀನೂ ಖಾಲಿ ಆತು. ಮೈಲಾರಪ್ಪ ಒಂದು ಹನಿನೂ ಕದ್ದಿಲ್ಲ. ಎಲ್ಲಾರೂ ಹೋಗಿ ವಾಲ್ವು ಹೊಳ್ಳಿ ತಿರುವ್ರಿ."

ಸುಮಲತಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನೋಡ್ರಿ, ನೋಡ್ರಿ. ಹತ್ತು ಕೊಡ ನೀರಿಗಾಗಿ ಕಳ್ಳನ ತಪ್ಪನ್ನೂ ತಮ್ಮ ತಲಿ ಮ್ಯಾಲೆ ಹಾಕ್ಕೊಂಡ್ರು. ಎಂಥಾ ದೊಡ್ಡ ಮನಸು!"

"ದೇವರಂಥಾ ಮನಶ್ಯಾ," ಎಂದ ಕೇದಾರ ಕೈಮುಗಿದು.

"ಅಯ್ಯೋ, ಖರೇನ ಹೇಳಾಕತ್ತೇನ್ರೋ!"

"ಹೌದ್ರಿ, ಹೌದ್ರಿ. ತಿಳೀತ್ರಿ ನಮಗ," ಎಂದು ಕೇದಾರ ಕಣ್ಣು ಹೊಡೆದ. ಯಾರೋ ಎಲ್ಲಿಂದಲೋ ಒಂದು ಹಾರ ತಂದು ಅವರ ಕೊರಳಿಗೆ ಹಾಕಿಯೇಬಿಟ್ಟರು. ಅಷ್ಟು ವರ್ಷ ಅವರು ಆಡಿದ ಸುಳ್ಳನ್ನೆಲ್ಲ ನಂಬಿದ ಮಂದಿ, ಆಡಿದ ಒಂದೇ ಒಂದು ನಿಜವನ್ನು ನಂಬಲು ತಯಾರಿರಲಿಲ್ಲ.

ಮೈಲಾರಪ್ಪ ಹಾರ ಹಾಕಿಸಿಕೊಂಡು ಅಳುತ್ತಿದ್ದ ಗುರುಸಿದ್ದಯ್ಯನವರನ್ನು ನೋಡಿದ. ಅವನ ಸಿಟ್ಟು ಎಲ್ಲಿ ಹೋಯಿತೋ. ಬೀಗ ತೆಗೆದ.

"ಬರ್ರಿ ಒಳಗ. ನಿಮಗ ನಾ ಬ್ಯಾರೆ ಶಿಕ್ಷಾ ಕೊಡೂದೇನೈತಿ, ಇವರ ಜೋಡಿ ಬಾಳೇ ಮಾಡ್ತೀರಲ್ಲ, ಅಷ್ಟ ಸಾಕು."

ರೇಣವ್ವ ಈಶಾನ್ಯದ ಸಂಡಾಸದ ಪಕ್ಕದ ನಲ್ಲಿಯಲ್ಲಿ ತೃಪ್ತಿಯಾಗಿ ಕಾಲು ತೊಳೆದಳು. ಜಳಕಗಳಾದವು. ಸಂಜೆಯೊಳಗೆ ಗೋದಾಮಿನ ಗೋಡೆಯ ಉದ್ದಕ್ಕೂ ಗರಗದ ಕೌದಿಗಳು ಒಣಗುತ್ತಿದ್ದವು. "ಎಷ್ಟ ಛಲೋ ಮನಿರಿ ಇದು," ಎಂದಳು ರೇಣವ್ವ ಮೈಲಾರಪ್ಪನಿಗೆ. "ಬೀಗರ ಕಡಿಂದ ವಾಸ್ತು ಹೇಳಿಸಿ ಕಟ್ಟಿಸೀರೇನು?" ಕುಬಸಕ್ಕೆ ಕೊರತೆಯಾಗಲಿಲ್ಲ. ಸೌಂದರ್ಯಾ ಎರಡು ತಂಬಿಗೆ ನೀರು ಒಂದೇ ಉಸಿರಿಗೆ ಕುಡಿದಳು.

ಬೀಗರು ಹೋದ ಮೇಲೆ ಗುರುಸಿದ್ದಯ್ಯನವರು ತಮ್ಮ ವಾಲ್ವನ್ನು ತಾವೇ ಹೊಳ್ಳಿ ತಿರುವಿದರು. ಮುಂದಿನ ಶನಿವಾರ ನೀರು ಬಂದದ್ದು ಎರಡೇ ಮನೆಗೆ, ಮೈಲಾರಪ್ಪನದಕ್ಕೆ ಮತ್ತು ಅವರದಕ್ಕೆ. ಮರುದಿನದಿಂದ ರಿಯಾಜನ ಗಾಡಿ ಓಣಿಯ ಆಚೆ ನಿಲ್ಲತೊಡಗಿತು. ಒಬ್ಬೊಬ್ಬರೂ ಅವನನ್ನು ಹಿತ್ತಲಿನಿಂದ ಕರೆಸಿ, ವಾಲ್ವನ್ನು ಮೊದಲಿನಂತೆ ಕೂಡಿಸಿಕೊಂಡು, ಪಕ್ಕದವರಿಗೆ ಹೇಳಬೇಡ ಎಂದು ಕಳಿಸಿದರು. ಅಷ್ಟರಿಂದ ಶಾಸ್ತ್ರಕ್ಕೆ ಊನವಾಗಬಾರದಲ್ಲ. ಸುಮಲತಾ ತನ್ನ ಗೇಟಿನ ಮೇಲೆ ಕೆಂಪು ಬಣ್ಣದಲ್ಲಿ ಉತ್ತರಕ್ಕೆ ಮುಖ ಮಾಡಿದ ಒಂದು ದೊಡ್ಡ ಬಾಣ ಬರೆಸಿದಳು. ನೋಡನೋಡುತ್ತ ಎಲ್ಲರ ಗೇಟಿನ ಮೇಲೂ ಬಾಣಗಳೆದ್ದವು. ಅದರ ಮುಂದಿನ ಶನಿವಾರ ಓಣಿಗೆಲ್ಲ ನೀರು ಬಂತು. ಕೆಂಪು ಬಾಣದ ಕೀರ್ತಿ ಬೆಂಗೇರಿಯ ತನಕ ಹೋಯಿತು.

ಬೆಂಗೇರಿಯಿಂದ ಒಬ್ಬ ಯಜಮಾನ ಹಣ್ಣಿನ ಚೀಲ ಹಿಡಿದು ಗುರುಸಿದ್ದಯ್ಯನವರನ್ನು ಹುಡುಕಿಕೊಂಡು ಬಂದ.

"ಅಯ್ನೋರ, ನೀರು ಬರಬೇಕಂದ್ರ ಬಾಣ ಯಾವ ಕಡೆ ಇರಬೇಕ್ರಿ?"

"ನಿಮ್ಮ ಮನಿ ಯಾವ ಕಡೆ ಐತೋ ಆ ಕಡೆ."

"ಅಂದ್ರ ಯಾವ ದಿಕ್ಕಿಗ್ರಿ?"

"ದಿಕ್ಕು ಗಿಕ್ಕು ಏನಿಲ್ಲೋ ಮಾರಾಯಾ. ನೀರು ಒಳಗ ಬರಬೇಕಂದ್ರ ಬಾಣ ಒಳಗ ತೋರಸಬೇಕು. ಇಷ್ಟ."

ಯಜಮಾನ ಅವರನ್ನು ಮೇಲಿಂದ ಕೆಳಗೆ ನೋಡಿದ. ಕೊಡಲು ಮುಂದೆ ಹಿಡಿದಿದ್ದ ಹಣ್ಣಿನ ಚೀಲವನ್ನು ಹಿಂದಕ್ಕೆ ಎಳೆದುಕೊಂಡ.

"ಇಷ್ಟು ಸರಳ ಇದ್ದಿದ್ರ ನಾ ಬೆಂಗೇರಿಯಿಂದ ಆಟೋ ಮಾಡ್ಕೊಂಡು ಯಾಕ ಬರ್ತಿದ್ದೆ?" ಎಂದು ಹೇಳಿ, ಪಕ್ಕದ ಗೇಟಿಗೆ ಹೋಗಿ ಸುಮಲತಾಳನ್ನು ಕರೆದ. ಅವಳು ಸೆರಗು ಸರಿಮಾಡಿಕೊಂಡು ಹೊರಗೆ ಬಂದು, ಮೊದಲು ಆಕಾಶ ನೋಡಿದಳು.